ಅಲೆಗಳ ವಿದುಷಿ ಡಾ. ರಾಜೇಶ್ವರಿ ಚಟರ್ಜಿ

ಸಂಗೊಳ್ಳಿಯೆಂದ ಕೂಡಲೇ ನಮ್ಮೆಲ್ಲರ ಬಾಯಲ್ಲಿ ಬರುವದು ರಾಯಣ್ಣನ ಹೆಸರು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಕಥೆಯನ್ನು ಕೇಳಿಯೇ ಈ ಮಲಪ್ರಭೆಯ ದಂಡೆಯ ಮಕ್ಕಳು ಬೆಳೆಯುವರು. ಖಡ್ಗ ಹಿಡಿದವರ ಧೈರ್ಯವನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ಪುಸ್ತಕ ಹಿಡಿದು, ತನ್ನವರಾರೂ ತುಳಿಯದ ಹಾದಿಯನ್ನು ತುಳಿಯುವದಕ್ಕೂ ಧೈರ್ಯ ಬೇಕು. ಅಂಥ ಧೈರ್ಯವಿದ್ದ ಕನ್ನಡನಾಡಿನ ಓರ್ವ ವಿದುಷಿಯ ಜೀವನವನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದಿಡುವದು ನನ್ನ ಉದ್ದೇಶ.

ಇಂದು ನಮ್ಮ ಅಂಗೈಯ ಮೊಬೈಲಿಗೆ ದೂರದೇಶದ ಗ್ರಂಥವೂ ನಿಮಿಷದಲ್ಲಿ ಬಂದಿಳಿಯುವದು. ಇದೆಲ್ಲ ಬೆಂಗಳೂರಿನ ದೊಡ್ಡ ಕಂಪನಿಗಳ ಕೊಡುಗೆಯೆಂದು ನಮ್ಮಲ್ಲಿ ಅನೇಕರ ಎಣಿಕೆ. ಆ ಕಂಪನಿಗಳು ಹುಟ್ಟುವದಕ್ಕೆ ಬಹಳ ಮೊದಲೇ, ತಂತಿಯಿಲ್ಲದೆ ಸಂದೇಶವನ್ನು ಒಯ್ಯುವ ಅಲೆಗಳ ಸ್ವಭಾವವನ್ನು ಅರಿಯಲು ಪ್ರಯೋಗಾಲಯಗಳಲ್ಲಿ ತಪಸ್ಸು ಮಾಡಿದವರಿದ್ದರು. ಅವರಲ್ಲೊಬ್ಬರು ರಾಜೇಶ್ವರಿಯವರು, ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು.

ಅವರು ಜನಿಸಿದ್ದು 1922ರ ಜನವರಿ 24ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸೀಮೆಯ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಹಾಗೂ ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಆ ಅಜ್ಜಿಯ ಶ್ರಮದಿಂದ ಬೆಳೆದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿಯೇ ಮೊಮ್ಮಗಳ ಅಕ್ಷರಾಭ್ಯಾಸವಾಯಿತು. ಆಕೆಗೆ ಇತಿಹಾಸದ ಮೇಲೆ ಬಹಳ ಒಲವಿತ್ತು. ಆದರೂ ಕೊನೆಗೆ ವಿಜ್ಞಾನ ಮತ್ತು ಗಣಿತಗಳನ್ನು ಆರಿಸಿಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಪರೀಕ್ಷೆಗಳೆರಡರಲ್ಲಿಯೂ ಪ್ರಥಮ ಸ್ಥಾನ ಪಡೆದರು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಸಂಪರ್ಕಶಾಸ್ತ್ರದಲ್ಲಿ ಸಂಶೋಧನೆಗೆ ತೊಡಗಿದರು.

ಮಹಾಯುದ್ಧ ಮುಗಿದ ಮೇಲೆ ಸರಕಾರವು ಪ್ರತಿಭಾವಂತ ತರುಣರನ್ನು ವಿದೇಶಕ್ಕೆ ಕಳಿಸಲು ವಿದ್ಯಾರ್ಥಿವೇತನ ನೀಡಿತು. 1946ರಲ್ಲಿ ಆಯ್ಕೆಯಾದ ರಾಜೇಶ್ವರಿಯವರು ಮರುವರ್ಷ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಅವಿವಾಹಿತ ತರುಣಿಯೊಬ್ಬಳು ಓದಲೆಂದು ಕಡಲು ದಾಟುವದು ಆ ಕಾಲಕ್ಕೆ ಅಪರೂಪದ ಮಾತಾಗಿತ್ತು. ಅಲ್ಲಿ ಸ್ನಾತಕೋತ್ತರ ಪದವಿ ಪಡೆದು, ವಾಶಿಂಗ್ಟನ್ನಿನಲ್ಲಿ ರೇಡಿಯೋ ತರಂಗಗಳ ಅಳತೆಯಲ್ಲಿ 8 ತಿಂಗಳ ತರಬೇತಿ ಮುಗಿಸಿ, ಮತ್ತೆ ಮಿಶಿಗನ್ನಿಗೆ ಬಂದು, ಪ್ರಾಧ್ಯಾಪಕ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರ ಆರಂಭದಲ್ಲಿ ಡಾಕ್ಟರೇಟ್ ಗಳಿಸಿದರು.

ಅದೇ ವರ್ಷ ತಾಯ್ನಾಡಿಗೆ ಮರಳಿ, ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ಅಧ್ಯಾಪಕಿಯಾದರು. ಅಲ್ಲಿಯ ಅಧ್ಯಾಪಕರಾಗಿದ್ದ ಶಿಶಿರಕುಮಾರ ಚಟರ್ಜಿಯವರನ್ನು ವರಿಸಿದರು. ಸೂಕ್ಷ್ಮತರಂಗಗಳ, ಅಂದರೆ ಮೈಕ್ರೋವೇವ್‌ಗಳ ಸಂಶೋಧನೆಗೆ ನೆಲೆಯಾದ ಪ್ರಯೋಗಾಲಯವನ್ನು ದಂಪತಿಗಳಿಬ್ಬರೂ ಕೂಡಿ ಕಟ್ಟಿದರು.

ಈ ಅಲೆಗಳ ಮಹತ್ವವೇನು? ಇವುಗಳ ಉದ್ದ ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಇರುವದು. ವೈಫೈ ಜಾಲದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಅಲೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವದು. ಅದರ ಉದ್ದ 12 ಸೆಂಟಿಮೀಟರಿನಷ್ಟು. ಅಲೆಯನ್ನು ಬೇಕಾದ ದಿಕ್ಕಿಗೆ ಬೀರುವದಕ್ಕೂ ದೂರದಿಂದ ಬಂದುದನ್ನು ಹಿಡಿಯುವದಕ್ಕೂ ಬೇಕಾದ ಸಾಧನವೇ ಆಂಟೆನಾ. ರಾಜೇಶ್ವರಿಯವರ ವ್ಯಾಸಂಗ ಮುಖ್ಯವಾಗಿ ಇದರ ಮೇಲೆಯೇ. ವಿಮಾನ ಹಾಗೂ ವ್ಯೋಮನೌಕೆಗಳಿಗೆ ಬೇಕಾದ ಆಂಟೆನಾಗಳೂ ಅದರಲ್ಲಿ ಸೇರಿದ್ದವು. ವಿದ್ಯುತ್ತು ಹರಿಯದ ವಸ್ತುವಿನ ಸಲಾಕೆಯೂ ಅಲೆಯನ್ನು ಒಯ್ಯಬಲ್ಲದು, ಕಾಲುವೆ ನೀರನ್ನು ಒಯ್ದಂತೆ. ಅಂಥ ವಸ್ತುಗಳ ಆಂಟೆನಾಗಳ ಕುರಿತೇ ಅವರು ಒಂದು ಗ್ರಂಥ ಬರೆದರು. ಇಂದು ಗಣಕಯಂತ್ರಗಳನ್ನು ಬೆಸೆಯುವ ಕೂದಲೆಳೆಯಂಥ ಗಾಜಿನ ತಂತು ಬೆಳಕನ್ನು ಒಯ್ಯುವದೂ ಇದೇ ತತ್ವದಿಂದ.

ಈ ಜಾಲವೆಲ್ಲ ಅವರೊಬ್ಬರ ಕೈಕೆಲಸವೆಂದು ನಾನು ಹೇಳಲಾರೆ. ವಿದ್ಯೆಯ ಮನೆಯನ್ನು ಹಲವರು ಕೂಡಿ ಕಟ್ಟುವರು. ಅವರ ಪಾಲಿನ ಕಲ್ಲುಗಳು ನೂರಕ್ಕೂ ಮಿಕ್ಕ ಸಂಶೋಧನ ಲೇಖನಗಳು, ಏಳು ಗ್ರಂಥಗಳು, ಮತ್ತು ಎಲ್ಲಕ್ಕೂ ಮಿಗಿಲಾಗಿ ಅವರ ಕೈಕೆಳಗೆ ಡಾಕ್ಟರೇಟ್ ಪಡೆದ 20 ಜನ ಶಿಷ್ಯರು. ವಿಭಾಗದ ಮುಖ್ಯಸ್ಥರೂ ಆಗಿ 1982ರಲ್ಲಿ ಅವರು ನಿವೃತ್ತರಾದರು. 1986ರಲ್ಲಿ ನಮ್ಮ ದೇಶದ ವಿದ್ಯಾಸಂಸ್ಥೆಗಳಿಗಾಗಿ ಎರ್ನೆಟ್ ಎಂಬ ಗಣಕಜಾಲ ಆರಂಭವಾದಾಗ, ಅದರಲ್ಲಿ ಮೊದಲಿಗೆ ಸೇರಿದ ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು.

ನಿವೃತ್ತಿಯ ನಂತರ ಅವರು ಮಹಿಳಾ ಅಧ್ಯಯನದ ಕಾರ್ಯದಲ್ಲಿ ತೊಡಗಿದರು. ಎಳವೆಯಲ್ಲಿ ಬಿಟ್ಟಿದ್ದ ಇತಿಹಾಸಕ್ಕೂ ಮರಳಿ ಬಂದು, ಸಾವಿರ ಹೊಳೆಗಳೆಂಬ ಅರ್ಥದ ಹೆಸರಿಟ್ಟು ಇಂಗ್ಲಿಷಿನಲ್ಲಿ ತಮ್ಮ ಸ್ವಂತ ಇತಿಹಾಸವನ್ನು ಬರೆದರು. ಕಲಾಶಾಖೆಯವರಾದ ನಮಗೆ ಇದು ಸಂತೋಷದ ಸಂಗತಿ. 2010ರ ಸೆಪ್ಟೆಂಬರ್ 3ರಂದು ಅವರು ಕಾಲವಶರಾದರು.

ಈ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸಿನಲ್ಲಿ ಒಂದು ಸಂದೇಹ ಸುಳಿಯಿತು. ಅವರಿಗೆ ಪದವೀಧರೆಯಾದ ಅಜ್ಜಿಯಿದ್ದಳು. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಂಥವರ ಬಾಳು ನಮ್ಮಂಥವರಿಗೆ ಹೇಗೆ ಮಾದರಿಯಾದೀತು? ಯೋಚಿಸಿದಾಗ ಉತ್ತರವೂ ಅಲ್ಲಿಯೇ ದೊರೆಯಿತು. ಕಮಲಮ್ಮನವರ ಕಾಲದಲ್ಲಿ ಓದಿದ ಹೆಂಗಸೇ ವಿರಳ. ತಾವು ಪಡೆದುದನ್ನು ಅವರು ಮನೆಯಲ್ಲಿ ಕಟ್ಟಿಡದೆ ಶಾಲೆಗೆ ಧಾರೆಯೆರೆದರು. ಅದರ ಫಲವನ್ನು ಮೊಮ್ಮಗಳು ಉಂಡಳು, ನಾಡೂ ಉಂಡಿತು. ಪದವಿ ಪರೀಕ್ಷೆ ಮುಗಿದೊಡನೆ ಪುಸ್ತಕವನ್ನು ಅಟ್ಟಕ್ಕೇರಿಸಲು ಹೊರಟ ಸಹೋದರಿಯರೂ, ಅವರನ್ನು ಹಾಗೆ ಒತ್ತಾಯಿಸುವ ಹಿರಿಯರೂ ಇದನ್ನು ನೆನೆಯಲಿ. ನಮ್ಮ ಹಳ್ಳಿಗಳಿಂದ ಇಂದು ಮೊದಲಿಗರಾಗಿ ಓದುತ್ತಿರುವವರೇ, ನಾಳೆ ಹುಟ್ಟಲಿರುವ ವಿದುಷಿಯರ ಅಜ್ಜ ಅಜ್ಜಿಯರು.