ಮೆಯಿಜಿ ಚಕ್ರವರ್ತಿಯ ಕತ್ತಿಗಳು

ಜಪಾನಿನ ಮೆಯಿಜಿ ಚಕ್ರವರ್ತಿಯ ಹೆಸರು ನಮ್ಮ ಕಾಲೇಜಿನ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ರೈಲು, ತಂತಿ, ಕಡ್ಡಾಯ ಶಿಕ್ಷಣ, ರಾಜ್ಯಾಂಗ, ರಷ್ಯದ ಮೇಲಣ ಜಯ ಇವೆಲ್ಲ ಆತನ ಆಳಿಕೆಯಲ್ಲಿ ಆದವೆಂದು ಬರೆದು ನಾವೆಲ್ಲ ಅಂಕ ಪಡೆದವರೇ. ಆದರೆ ಆ ದೊರೆ ಕತ್ತಿ ಕಠಾರಿಗಳನ್ನು ಜೀವದಂತೆ ಮೆಚ್ಚಿ ಕೂಡಿಟ್ಟವನೆಂಬುದು ನಾನು ಓದಿದ ಪಠ್ಯಪುಸ್ತಕದಲ್ಲಿ ಇರಲಿಲ್ಲ. ದೇಶದ ವೀರರ ಸೊಂಟದಿಂದ ಕತ್ತಿಯನ್ನು ಕಳಚಿಸಿದ ಆಜ್ಞೆ ಹೊರಟದ್ದೂ ಅವನ ಆಳಿಕೆಯಲ್ಲಿಯೇ. ಇವೆರಡೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಹೇಗೆ ಕೂಡಿಕೊಂಡವೆಂಬುದೇ ಈ ಲೇಖನದ ವಿಷಯ.

1852ರ ನವೆಂಬರ್ 3ರಂದು ಕ್ಯೋಟೋ ನಗರದಲ್ಲಿ ಹುಟ್ಟಿದ ಈತನ ಹೆಸರು ಮುತ್ಸುಹಿತೊ. ಮೆಯಿಜಿ ಎಂಬುದು ಆತನ ಆಳಿಕೆಯ ಕಾಲಕ್ಕೆ ಇಟ್ಟ ಹೆಸರು. 1867ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಹದಿನಾಲ್ಕು ವರ್ಷ. ಕನ್ನಡಿ, ಮಣಿ, ಕತ್ತಿ ಈ ಮೂರೂ ಆ ಮನೆತನದ ರಾಜಚಿಹ್ನೆಗಳು. ಹೀಗಾಗಿ ಸಿಂಹಾಸನದ ಜೊತೆಯಲ್ಲಿ ಒಂದು ಕತ್ತಿಯೂ ಅವನ ಪಾಲಿಗೆ ಬಂತೆನ್ನಬೇಕು. ಮರುವರ್ಷವೇ ಶೋಗನ್ನರ ಆಡಳಿತ ಮುರಿದು ಬಿತ್ತು. ಎಡೊ ಪಟ್ಟಣ ಟೋಕಿಯೊ ಆಯಿತು. ಅರಮನೆಯೂ ಅಲ್ಲಿಗೆ ಹೋಯಿತು. ಹೊಸ ಮಂತ್ರಿಗಳು ದೇಶವನ್ನು ಬಹಳ ಅವಸರದಿಂದ ತಿದ್ದತೊಡಗಿದರು. ದೊರೆಯೂ ತಿದ್ದಿಕೊಂಡ. 1872ರ ಜನವರಿಯಲ್ಲಿ ಆತ ಗೋಮಾಂಸ ಉಂಡ ಸುದ್ದಿ ಜನರಿಗೆ ತಿಳಿಯಿತು. 1873ರಲ್ಲಿ ಜುಟ್ಟನ್ನು ಕತ್ತರಿಸಿಕೊಂಡ. ಆ ವರ್ಷ ತೆಗೆದ ಛಾಯಾಚಿತ್ರದಲ್ಲಿ ಆತ ಪಾಶ್ಚಾತ್ಯ ಸೇನಾನಿಯ ಉಡುಪು ತೊಟ್ಟು ಕುರ್ಚಿಯಲ್ಲಿ ಕುಳಿತಿದ್ದಾನೆ. ಉಡುಪು ಹೊಸದು, ಕುರ್ಚಿ ಹೊಸದು. ಕೈಗಳು ಮಾತ್ರ ಮುಂದೆ ಊರಿದ ಕತ್ತಿಯ ಹಿಡಿಯ ಮೇಲಿವೆ.

ಅದುವರೆಗೆ ಜಪಾನಿನಲ್ಲಿ ಉದ್ದದ್ದೊಂದು ಗಿಡ್ಡದ್ದೊಂದು ಎರಡು ಕತ್ತಿಗಳನ್ನು ಜೋಡಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಸಮುರಾಯಿಗಳ ಹಕ್ಕಾಗಿತ್ತು. ಅದು ಆಯುಧವೆನ್ನುವುದಕ್ಕಿಂತ ಹುಟ್ಟಿನ ಗುರುತಾಗಿತ್ತು. ಆದುದರಿಂದ ಸರಕಾರ ಮೆಲ್ಲನೆ ಹೆಜ್ಜೆಯಿಟ್ಟಿತು. 1871ರ ಆಜ್ಞೆ ಬೇಡವಾದವರು ಕತ್ತಿ ಬಿಡಬಹುದೆಂದಿತು. 1873ರಲ್ಲಿ ರೈತನ ಮಗನೂ ಸೈನಿಕನಾಗಬಹುದೆಂಬ ಕಾನೂನು ಬಂತು. 1876ರ ಮಾರ್ಚ್ 28ರಂದು ಕಡೆಯ ಆಜ್ಞೆ ಹೊರಟಿತು: ಸೇನೆಯವರು, ಪೋಲೀಸರು, ವಿಧಿಪೂರ್ವಕವಾದ ಸಭೆಗೆ ಹೋಗುವ ಅಧಿಕಾರಿಗಳು, ಇವರನ್ನುಳಿದು ಯಾರೂ ಕತ್ತಿ ಕಟ್ಟಿ ಬೀದಿಗೆ ಬರಕೂಡದು. ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಎಂದರೆ ಕತ್ತಿ ಒಂದೇ ದಿನದಲ್ಲಿ ಧರಿಸುವ ವಸ್ತುವಾಗಿದ್ದದ್ದು ಇಟ್ಟುಕೊಳ್ಳುವ ವಸ್ತುವಾಯಿತು.

ಇದನ್ನು ಸಹಿಸದವರೂ ಇದ್ದರು. ಅದೇ ಅಕ್ಟೋಬರಿನಲ್ಲಿ ಕುಮಾಮೊತೊ ನಗರದ ಸುಮಾರು 170 ಮಂದಿ ಬಂದೂಕನ್ನು ಮುಟ್ಟದೆ ಬರಿಯ ಕತ್ತಿ ಈಟಿಗಳನ್ನು ಹಿಡಿದು ರಾತ್ರಿ ಸೇನೆಯ ಪಾಳೆಯದ ಮೇಲೆ ಬಿದ್ದರು. ಬಹುಮಂದಿ ಮಡಿದರು, ಇಲ್ಲವೆ ತಾವೇ ಪ್ರಾಣ ಬಿಟ್ಟರು. ಮರುವರ್ಷ ಸೈಗೊ ತಕಾಮೊರಿಯ ದೊಡ್ಡ ದಂಗೆಯೂ ಅಡಗಿತು. ಇತಿಹಾಸಕಾರರು ಇವರ ಕಥೆಯನ್ನು ವಿಸ್ತಾರವಾಗಿ ಬರೆದಿದ್ದಾರೆ. ಕತ್ತಿ ಕಟ್ಟಿದವನ ಕಥೆ ಬರೆಯುವವರು ಬಹಳ, ಕತ್ತಿ ಬಡಿದವನ ಕಥೆ ಕೇಳುವವರು ಕಡಮೆ.

ಇಲ್ಲಿ ನನ್ನ ಮಾತೊಂದನ್ನು ಸೇರಿಸುವುದಕ್ಕೆ ವಾಚಕರು ಅಪ್ಪಣೆ ಕೊಡಬೇಕು. ನಾನು ಕಮ್ಮಾರರ ಮನೆಯವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ತಾತನ ಕಾಲದಲ್ಲಿ ಊರಿನ ಕುಳ ಹಣಿಯುವುದೂ ಕುಡುಗೋಲು ಮಾಡುವುದೂ ನಮ್ಮ ಕುಲುಮೆಯಲ್ಲಿಯೇ. ಸುಗ್ಗಿಯಲ್ಲಿ ಆಯದ ಕಾಳು ಮನೆಗೆ ಬರುತ್ತಿತ್ತು. ಸಂತೆಗೆ ಕಾರ್ಖಾನೆಯ ಕುಡುಗೋಲು ಬಂದ ಮೇಲೆ ಆಯ ನಿಂತಿತು. ಈಗ ನಮ್ಮ ತಂದೆಯವರು ಗೇಟುಗಳಿಗೂ ಕಿಟಕಿಗಳಿಗೂ ವೆಲ್ಡಿಂಗ್ ಮಾಡುತ್ತಾರೆ. ತಿದಿ ಅಟ್ಟದ ಮೇಲಿದೆ. ಆದುದರಿಂದ 1876ರ ಆಜ್ಞೆಯನ್ನು ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ ಸಮುರಾಯಿಗಳದಲ್ಲ. ಆ ಕಮ್ಮಾರರು ಏನಾದರು?

ಹಲವರು ಕಸಬು ಬಿಟ್ಟರು. ಬಿಡದವರು ಮನೆಬಳಕೆಯ ಉಪಕರಣಗಳಿಗೆ ಕೈಹಾಕಿದರು. ಸಕಾಯಿ ಪಟ್ಟಣದಲ್ಲಿ ತಂಬಾಕು ಹೆಚ್ಚುವ ಚಾಕುಗಳ ಕಸಬು ಶೋಗನ್ನರ ಕಾಲದಿಂದಲೂ ಇತ್ತು; ಸೆಕಿ ಪಟ್ಟಣ ಕತ್ತಿಗಳಿಗೆ ಹೆಸರಾಗಿದ್ದುದು ಮುಂದೆ ಚಾಕು ಕತ್ತರಿಗಳಿಗೆ ಹೆಸರಾಯಿತು. ಬಡಗಿಯ ಉಳಿ, ಕೀಸುಳಿ, ಅಡುಗೆಮನೆಯ ಚಾಕು ಇವುಗಳಿಗೆ ಕತ್ತಿಯ ವಿದ್ಯೆ ಇಳಿದು ಬಂತು. ಮೆದು ಕಬ್ಬಿಣಕ್ಕೆ ಗಡಸು ಉಕ್ಕನ್ನು ಬೆಸೆದು ಬಡಿಯುವುದು, ಹದವರಿತು ಕಾಯಿಸಿ ನೀರಿಗದ್ದುವುದು, ಸಾಣೆಕಲ್ಲುಗಳನ್ನು ಬದಲಾಯಿಸುತ್ತ ನುಣುಪು ಮಾಡುವುದು, ಎಲ್ಲವೂ ಅದೇ. ಹಸಿ ಮೀನನ್ನು ತೆಳುವಾಗಿ ಸೀಳುವ ಯಾನಗಿಬಾ ಎಂಬ ಚಾಕು ನೀಳವಾಗಿ, ಒಂದೇ ಮಗ್ಗುಲಿಗೆ ಅಲಗು ಇಳಿದಿರುತ್ತದೆ. ಮೀನಿನ ತಲೆ ಕಡಿಯುವ ದೇಬಾ ದಪ್ಪ. ಗ್ಯೂಟೊ ಎಂಬುದರ ಹೆಸರಿಗೆ ದನದ ಚಾಕು ಎಂದರ್ಥ. ಜಪಾನೀಯರು ಮಾಂಸದ ಅಡುಗೆ ಕಲಿತ ಮೇಲೆ ಪಾಶ್ಚಾತ್ಯರ ಮಾದರಿಯಲ್ಲಿ ಹುಟ್ಟಿದ್ದು. ದೊರೆ ತಟ್ಟೆಯಲ್ಲಿ ಮಾಡಿದ ಬದಲಾವಣೆ ಕುಲುಮೆಗೆ ಇಷ್ಟಾದರೂ ಕೆಲಸ ಕೊಟ್ಟಿತು. ಇಂದು ಹೊರದೇಶಗಳ ಹವ್ಯಾಸಿಗಳು ಜಪಾನಿನ ಚಾಕುಗಳನ್ನು ಹುಡುಕಿ ಕೊಂಡು, ಮಾಡಿದವನ ಮುದ್ರೆ ನೋಡಿ, ಜೋಡಿಸಿಟ್ಟುಕೊಳ್ಳುತ್ತಾರೆ. ಆ ಅಲಗಿನಲ್ಲಿ ಹೊಟ್ಟೆಪಾಡಿಗಾಗಿ ಮನೆಬಳಕೆಗೆ ಇಳಿದ ವಿದ್ಯೆಯ ಪಾಲೂ ಇದೆ.

ಅತ್ತ ಅರಮನೆಯಲ್ಲಿ ಬೇರೊಂದು ಕೆಲಸ ನಡೆದಿತ್ತು. ಉಳಿದ ವಿಷಯಗಳಲ್ಲಿ ಈ ದೊರೆ ಮಿತವ್ಯಯಿ. ಕತ್ತಿಯೆಂದರೆ ಮಾತ್ರ ಮೈಮರೆಯುವನು. ನಾರಾ ನಗರದ ಪ್ರಾಚೀನ ಭಂಡಾರವಾದ ಶೋಸೊಯಿನ್‌ನಲ್ಲಿದ್ದ, ಸಾವಿರ ವರ್ಷಕ್ಕೂ ಹಳೆಯದಾದ ನೇರ ಅಲಗೊಂದನ್ನು ತರಿಸಿಕೊಂಡು, ಕಾನೊ ನಾತ್ಸುವೊ ಎಂಬ ಲೋಹಶಿಲ್ಪಿಯಿಂದ ಅದಕ್ಕೆ ಹೊಸ ಒಡವೆಗಳನ್ನು ಮಾಡಿಸಿ ತಾನೇ ಕಟ್ಟಿಕೊಂಡ. ನೀರಿನ ನಾಗವೆಂಬರ್ಥದ ಹೆಸರುಳ್ಳ ಆ ಕತ್ತಿ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಈ ನಾತ್ಸುವೊ ಹೊಸ ಸರಕಾರದ ನಾಣ್ಯಗಳ ಅಚ್ಚಿಗೂ ಕೆತ್ತನೆ ಮಾಡಿದವನು; ಕತ್ತಿಯ ಒಡವೆ ಕೇಳುವವರಿಲ್ಲವಾದಾಗ ಹೂಜಿ ಕರಡಿಗೆಗಳಿಂದ ಬದುಕಿದವನು.

ದೊರೆಯ ಮನಸ್ಸನ್ನರಿತ ಹಳೆಯ ಪಾಳೆಯಗಾರರ ಮನೆತನಗಳು ಒಂದೊಂದಾಗಿ ತಮ್ಮ ನಿಧಿಯನ್ನು ತಂದೊಪ್ಪಿಸಿದವು. 1882ರಲ್ಲಿ ಸೋ ಮನೆತನದಿಂದ ಪುಟ್ಟ ಕಾಗೆಯೆಂಬ ಹೆಸರಿನ, ಮೊನೆಯ ಕಡೆ ಎರಡು ಮಗ್ಗುಲೂ ಹರಿತವಾದ ಕತ್ತಿ ಬಂತು. ಅದೇ ವರ್ಷ ಮಾಯೆದಾ ಮನೆತನದವರು ಯೋಶಿಮಿತ್ಸು ಎಂಬ ಪ್ರಾಚೀನ ಕಮ್ಮಾರ ಬಡಿದ ಒಂದಡಿಯ ಬಾಕನ್ನು ಕೊಟ್ಟರು. 1901ರಲ್ಲಿ ದಾತೆ ಮನೆತನದಿಂದ ಕುನಿನಾಗನ ಕೊಕ್ಕರೆಯ ಹೆಸರಿನ ಕತ್ತಿ ಬಂತು. ಬೀದಿಯಲ್ಲಿ ಬೆಲೆ ಕಳೆದುಕೊಂಡದ್ದು ಅರಮನೆಯಲ್ಲಿ ಕಾಣಿಕೆಯಾಯಿತು.

ಈ ಹುಚ್ಚಿನ ಅಳತೆ ತಿಳಿಯಬೇಕಾದರೆ 1881ರ ಉತ್ತರದ ಪ್ರವಾಸವನ್ನು ನೋಡಬೇಕು. ಯೊನೆಝಾವಾದಲ್ಲಿ ಉಯೆಸುಗಿ ಮನೆತನದವರು ತಮ್ಮ ಹಿರಿಯ ಕೆನ್ಶಿನ್‌ನ ಕಾಲದಿಂದ ಬಂದ ಕತ್ತಿಗಳನ್ನು ದೊರೆಯ ಮುಂದಿಟ್ಟರು. ಆತ ಒಂದನ್ನು ಒರೆಯಿಂದ ತೆಗೆದು ಬೆಳಕಿಗೆ ಹಿಡಿಯುವುದು, ಅದನ್ನಿಟ್ಟು ಇನ್ನೊಂದನ್ನು ತೆಗೆಯುವುದು; ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಡೆಗೆ ಮರುದಿನದ ಕಾರ್ಯಕ್ರಮವೇ ರದ್ದಾಯಿತೆಂದು ಹೇಳುತ್ತಾರೆ. ದಾರಿಯುದ್ದಕ್ಕೂ ಕಾದಿದ್ದ ಅಧಿಕಾರಿಗಳ ಪಾಡನ್ನು ಯೋಚಿಸಿದರೆ ನಗು ಬರುತ್ತದೆ. ಆದರೆ ಅಲಗಿನ ಮೇಲಣ ಉಕ್ಕಿನ ಎಳೆಯನ್ನು ನೋಡಲು ಒಂದು ದಿನವನ್ನೇ ಬಿಟ್ಟುಕೊಟ್ಟವನು ಆ ಕೆಲಸದ ಕಷ್ಟವನ್ನು ಬಲ್ಲವನೇ ಆಗಿರಬೇಕು.

ಬಲ್ಲವನಾದರೆ ಇಷ್ಟು ತಡವೇಕೆ? 1906ರಲ್ಲಿ ಗಸ್ಸನ್ ಸದಕಾಝು, ಮಿಯಾಮೊತೊ ಕಾನೆನೊರಿ ಎಂಬಿಬ್ಬರು ಕತ್ತಿಯ ಕಮ್ಮಾರರನ್ನು ಅರಮನೆಯ ಕಲಾವಿದರೆಂದು ನೇಮಿಸಲಾಯಿತು. ಚಿತ್ರಕಾರರಿಗೂ ಶಿಲ್ಪಿಗಳಿಗೂ ಸಲ್ಲುತ್ತಿದ್ದ ಆ ಪದವಿ ಕುಲುಮೆಯವರಿಗೂ ಸಂದದ್ದು ಸಣ್ಣ ಮಾತಲ್ಲ. ಆದರೆ ಆಜ್ಞೆ ಹೊರಟಾಗ ಓಸಾಕಾದ ಗಸ್ಸನ್‌ಗೆ ನಲವತ್ತು, ಗೌರವ ಬಂದಾಗ ಎಪ್ಪತ್ತು. ನೀರಿನ ಅಲೆಯಂತೆ ಸಾಲುಸಾಲಾಗಿ ತೋರುವ ಎಳೆಯನ್ನು ಉಕ್ಕಿನಲ್ಲಿ ತರುವುದು ಅವನ ಮನೆತನದ ಗುಟ್ಟು. ಕೊಳ್ಳುವವರು ವಿರಳವಾಗಿದ್ದ ಮೂವತ್ತು ವರ್ಷ ಆತ ಅದನ್ನು ಕೈಬಿಡದೆ ಮಗನಿಗೂ ಕಲಿಸಿದ. ಆಜ್ಞೆಯನ್ನು ರಚಿಸಿದವರು ಮಂತ್ರಿಗಳು, ದೊರೆಯದು ಬರಿಯ ಮುದ್ರೆ ಎಂದು ವಾದಿಸಬಹುದು. ಹುಟ್ಟಿನ ಗುರುತು ತೊಲಗಬೇಕಾದದ್ದೂ ನ್ಯಾಯವೇ. ಆದರೂ ಭಂಡಾರ ಅಲಗುಗಳನ್ನು ಉಳಿಸಿದಷ್ಟು ಬೇಗ ಕೈಗಳನ್ನು ಉಳಿಸಲಿಲ್ಲವೆಂದೇ ನನ್ನ ಅಭಿಪ್ರಾಯ. ಹಸಿವಿನ ಆ ಮೂವತ್ತು ವರ್ಷ ಕೈಗಳನ್ನು ಕಾಪಾಡಿದ್ದು ಬಡಗಿಯೂ ಅಡುಗೆಯವನೂ.

1912ರ ಜುಲೈ 30ರಂದು ಚಕ್ರವರ್ತಿ ತೀರಿಕೊಂಡ. ಸೆಪ್ಟೆಂಬರ್ 13ರ ರಾತ್ರಿ ಶವಯಾತ್ರೆ ಹೊರಟಾಗ ರಷ್ಯದ ಯುದ್ಧದ ಸೇನಾಪತಿ ನೋಗಿಯೂ ಅವನ ಹೆಂಡತಿಯೂ ಮನೆಯಲ್ಲಿ ಹಳೆಯ ಪದ್ಧತಿಯಂತೆ ಅಲಗಿನಿಂದ ಪ್ರಾಣ ಬಿಟ್ಟರು, ಜಪಾನೀಯರೇ ಬೆಚ್ಚಿದರು. ಗಸ್ಸನ್ ಸದಕಾಝು ಇನ್ನೂ ಆರು ವರ್ಷ ಬಾಳಿ 1918ರಲ್ಲಿ ತೀರಿಕೊಂಡ. ಅವನ ಮಗ ಸದಕಾತ್ಸು ಕುಲುಮೆಯನ್ನು ನಡೆಸಿದ. ಮೊಮ್ಮಗ ಸದಾಇಚಿಗೆ 1971ರಲ್ಲಿ ಜಪಾನ್ ಸರಕಾರ ಜೀವಂತ ರಾಷ್ಟ್ರನಿಧಿಯೆಂಬ ಮನ್ನಣೆ ಕೊಟ್ಟಿತು.