ಅಡಾಲ್ಫ್ ಸ್ಯಾಕ್ಸ್

ಅಡಾಲ್ಫ್ ಸ್ಯಾಕ್ಸ್ (೬ ನವೆಂಬರ್ ೧೮೧೪ – ೭ ಫೆಬ್ರವರಿ ೧೮೯೪) ಬೆಲ್ಜಿಯಂ ಮೂಲದ ವಾದ್ಯ ತಯಾರಕರು, ಕ್ಲಾರಿನೆಟ್ ವಾದಕರು ಹಾಗೂ ಸ್ಯಾಕ್ಸೋಫೋನ್ ವಾದ್ಯದ ಜನಕರು. ಇವರ ಪೂರ್ಣ ಹೆಸರು ಆಂಟ್ವಾನ್ ಜೋಸೆಫ್ ಸ್ಯಾಕ್ಸ್. ಊದುವ ವಾದ್ಯದ ನಾದಗುಣವನ್ನು ಮುಖ್ಯವಾಗಿ ನಿರ್ಧರಿಸುವುದು ಅದನ್ನು ತಯಾರಿಸಿದ ವಸ್ತುವಲ್ಲ, ಅದರೊಳಗಿನ ಗಾಳಿಯ ಸ್ತಂಭದ ಪ್ರಮಾಣ ಎಂಬುದು ಇವರ ದೃಢ ನಂಬಿಕೆಯಾಗಿತ್ತು.

ಜನನ ಮತ್ತು ಬಾಲ್ಯ

ಸ್ಯಾಕ್ಸ್ ಅವರು ಮ್ಯೂಸ್ ನದಿಯ ದಡದಲ್ಲಿರುವ ಡಿನಾನ್ ಪಟ್ಟಣದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಜೋಸೆಫ್ ಸ್ಯಾಕ್ಸ್ ವಾದ್ಯ ತಯಾರಕರಾಗಿದ್ದರು. ಹನ್ನೊಂದು ಮಕ್ಕಳಲ್ಲಿ ಅಡಾಲ್ಫ್ ಹಿರಿಯರು. ಬಾಲ್ಯದಲ್ಲಿ ಅವರು ಹಲವು ಅಪಘಾತಗಳಿಗೆ ಸಿಲುಕಿ ಸಾವಿನ ಅಂಚಿನಿಂದ ಪಾರಾದರೆಂಬ ಕಥೆಗಳು ಪ್ರಚಲಿತವಾಗಿವೆ. ಬ್ರಸೆಲ್ಸ್‌ನಲ್ಲಿ ಕೊಳಲು ಮತ್ತು ಕ್ಲಾರಿನೆಟ್ ವಾದನವನ್ನು ಅಭ್ಯಸಿಸಿದ ಅವರು ತಂದೆಯ ಕಾರ್ಯಾಗಾರದಲ್ಲಿಯೇ ಕಸುಬನ್ನು ಕಲಿತರು. ನುಡಿಸಬಲ್ಲವನೂ ತಯಾರಿಸಬಲ್ಲವನೂ ಒಬ್ಬನೇ ಆಗಿದ್ದುದು ಅವರ ಮುಂದಿನ ಸಾಧನೆಗೆ ಅಡಿಪಾಯವಾಯಿತು. ೧೮೩೮ರಲ್ಲಿ, ತಮ್ಮ ೨೪ನೆಯ ವಯಸ್ಸಿನಲ್ಲಿ, ಸುಧಾರಿತ ಬಾಸ್ ಕ್ಲಾರಿನೆಟ್‌ಗೆ ಪೇಟೆಂಟ್ ಪಡೆದರು.

ಪ್ಯಾರಿಸ್ ಜೀವನ

೧೮೪೨ರಲ್ಲಿ ಸ್ಯಾಕ್ಸ್ ಪ್ಯಾರಿಸ್‌ಗೆ ತೆರಳಿದರು. ಅದೇ ವರ್ಷ ಸಂಗೀತ ರಚನಕಾರ ಹೆಕ್ಟರ್ ಬರ್ಲಿಯೋಜ್ ಅವರು ಪತ್ರಿಕೆಯಲ್ಲಿ ಹೊಸ ವಾದ್ಯವನ್ನು ಪ್ರಶಂಸಿಸಿ ಬರೆದರು. ಸ್ಯಾಕ್ಸ್ ಅವರು ಸ್ಯಾಕ್ಸ್‌ಹಾರ್ನ್ ಎಂಬ ಹಿತ್ತಾಳೆ ವಾದ್ಯಗಳ ಕುಟುಂಬವನ್ನೂ ರೂಪಿಸಿದರು. ೨೨ ಏಪ್ರಿಲ್ ೧೮೪೫ರಂದು ಶಾಂಪ್ ದ ಮಾರ್ಸ್ ಮೈದಾನದಲ್ಲಿ ಹಳೆಯ ಮಾದರಿಯ ಸೇನಾ ವಾದ್ಯವೃಂದಕ್ಕೂ ಇವರ ವಾದ್ಯವೃಂದಕ್ಕೂ ಬಹಿರಂಗ ಸ್ಪರ್ಧೆ ನಡೆದು ಇವರ ವೃಂದ ಮೆಚ್ಚುಗೆ ಗಳಿಸಿತು. ಇದರ ಫಲವಾಗಿ ಫ್ರೆಂಚ್ ಸೇನೆ ಇವರ ವಾದ್ಯಗಳನ್ನು ಅಳವಡಿಸಿಕೊಂಡಿತು. ೧೮೪೬ರಲ್ಲಿ ಸ್ಯಾಕ್ಸೋಫೋನ್‌ಗೆ ಪೇಟೆಂಟ್ ದೊರೆಯಿತು.

ಸ್ಯಾಕ್ಸೋಫೋನ್ ರಚನೆ

ಕ್ಲಾರಿನೆಟ್‌ನ ಕೊಳವೆ ಬಹುಮಟ್ಟಿಗೆ ಒಂದೇ ಅಗಲದ್ದು. ಆದ್ದರಿಂದ ಒಂದೇ ಬೆರಳಿಡುವಿಕೆಯಲ್ಲಿ ಮೇಲಿನ ಸ್ವರಕ್ಕೆ ಹಾರುವಾಗ ಅದು ಒಂದು ಸ್ಥಾಯಿಯನ್ನು ದಾಟಿ ಇನ್ನೂ ಮೇಲಕ್ಕೆ ಹೋಗುತ್ತದೆ. ಸ್ಯಾಕ್ಸ್ ಅವರು ಒಂಟಿ ರೀಡ್‌ನ ಮೌತ್‌ಪೀಸನ್ನು ಶಂಕುವಿನಾಕಾರದ ಹಿತ್ತಾಳೆ ಕೊಳವೆಗೆ ಜೋಡಿಸಿದರು. ಇದರಿಂದ ಸ್ವರವು ಸರಿಯಾಗಿ ಒಂದು ಸ್ಥಾಯಿ ಮೇಲೇರುವಂತಾಗಿ ಬೆರಳುಗಾರಿಕೆ ಸುಲಭವಾಯಿತು.

ಕೊರಳಿನ ಪಾತ್ರ

ಆಲ್ಟೋ ಮತ್ತು ಟೆನರ್ ಸ್ಯಾಕ್ಸೋಫೋನ್‌ಗಳ ಮೇಲ್ತುದಿಯಲ್ಲಿ ಕಳಚಬಹುದಾದ ಬಾಗಿದ ಕೊಳವೆಯೊಂದಿರುತ್ತದೆ. ಇದನ್ನು ನೆಕ್ ಅಥವಾ ಕೊರಳು ಎನ್ನುತ್ತಾರೆ. ಶಂಕುವಿನ ಅತ್ಯಂತ ಕಿರಿದಾದ ಭಾಗ ಇದೇ ಆಗಿರುವುದರಿಂದ ಇಲ್ಲಿನ ಅಲ್ಪ ವ್ಯತ್ಯಾಸವೂ ಇಡೀ ವಾದ್ಯದ ಮೇಲೆ ಪರಿಣಾಮ ಬೀರುತ್ತದೆ.

* ಶ್ರುತಿ: ಶಂಕುವಿನ ಕತ್ತರಿಸಿದ ತುದಿಯ ಸ್ಥಾನವನ್ನು ಮೌತ್‌ಪೀಸ್‌ನ ಒಳಗಿನ ಅವಕಾಶ ತುಂಬುತ್ತದೆ. ಮೌತ್‌ಪೀಸನ್ನು ಕೊರಳಿನ ಕಾರ್ಕ್ ಮೇಲೆ ಒಳಕ್ಕೆ ತಳ್ಳಿದರೆ ಶ್ರುತಿ ಏರುತ್ತದೆ, ಹೊರಕ್ಕೆ ಎಳೆದರೆ ಇಳಿಯುತ್ತದೆ. ಕೊರಳು ಹಿಗ್ಗುವ ಪ್ರಮಾಣ ವಾದ್ಯದ ದೇಹಕ್ಕೆ ಹೊಂದದಿದ್ದರೆ ಕೆಳಗಿನ ಮತ್ತು ಮೇಲಿನ ಸ್ಥಾಯಿಗಳು ಪರಸ್ಪರ ಕೂಡುವುದಿಲ್ಲ.
* ನಾದ: ಒಳಗಾತ್ರ ಕಿರಿದಾದ ಕೊರಳು ಉಸಿರಿಗೆ ಹೆಚ್ಚು ತಡೆಯೊಡ್ಡಿ ಸಾಂದ್ರವಾದ ನಾದವನ್ನೂ, ಅಗಲವಾದದ್ದು ಸರಾಗ ಊದುವಿಕೆ ಮತ್ತು ಹರವಾದ ನಾದವನ್ನೂ ನೀಡುವುದೆಂದು ವಾದಕರು ಸಾಮಾನ್ಯವಾಗಿ ಅಭಿಪ್ರಾಯಪಡುತ್ತಾರೆ.
* ನುಡಿಸುವ ಸೌಕರ್ಯ: ಕೊರಳಿನ ಬಾಗು ಮೌತ್‌ಪೀಸ್ ತುಟಿಗೆ ತಾಗುವ ಕೋನವನ್ನೂ ವಾದಕನ ಭಂಗಿಯನ್ನೂ ನಿರ್ಧರಿಸುತ್ತದೆ. ದೇಹದೊಡನೆ ಕೂಡುವಲ್ಲಿ ಗಾಳಿ ಸೋರಿದರೆ ಕೆಳಗಿನ ಸ್ವರಗಳು ಹೊಮ್ಮುವುದು ಕಷ್ಟವಾಗುತ್ತದೆ.

ಈ ಕಾರಣದಿಂದ ಒಂದು ಮಾದರಿಯ ಕೊರಳು ಮತ್ತೊಂದು ವಾದ್ಯದಲ್ಲಿ ಬಿಗಿಯಾಗಿ ಕುಳಿತರೂ ಶ್ರುತಿಬದ್ಧವಾಗಿರುವುದೆಂದು ಹೇಳಲಾಗದು. ಹೊಸ ಕೊರಳನ್ನು ಆಯ್ಕೆಮಾಡುವಾಗ ತಮ್ಮದೇ ವಾದ್ಯ ಮತ್ತು ಮೌತ್‌ಪೀಸ್‌ನೊಂದಿಗೆ ಎರಡೂ ಸ್ಥಾಯಿಗಳನ್ನು ನುಡಿಸಿ ನೋಡುವುದು ರೂಢಿ.

ಸಂಕಷ್ಟಗಳು

ಯಶಸ್ಸಿನೊಂದಿಗೆ ವಿರೋಧವೂ ಬೆಳೆಯಿತು. ಪ್ರತಿಸ್ಪರ್ಧಿ ತಯಾರಕರು ಪೇಟೆಂಟ್‌ಗಳನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ದೀರ್ಘಕಾಲದ ವ್ಯಾಜ್ಯಗಳು ಸ್ಯಾಕ್ಸ್ ಅವರ ಗಳಿಕೆಯನ್ನು ನುಂಗಿದವು. ೧೮೪೮ರ ಕ್ರಾಂತಿಯಿಂದಾಗಿ ಸೇನೆಯ ಆಶ್ರಯವೂ ಕೈತಪ್ಪಿತು. ೧೮೫೨, ೧೮೭೩ ಮತ್ತು ೧೮೭೭ರಲ್ಲಿ, ಹೀಗೆ ಮೂರು ಬಾರಿ ಅವರು ದಿವಾಳಿಯಾದರು. ೧೮೫೦ರ ದಶಕದಲ್ಲಿ ತುಟಿಯ ಕ್ಯಾನ್ಸರ್‌ಗೆ ತುತ್ತಾಗಿ ಗುಣಮುಖರಾದರು.

೧೮೫೭ರಿಂದ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಅವರು ಸ್ಯಾಕ್ಸೋಫೋನ್ ಬೋಧಿಸಿದರು. ಆ ತರಗತಿ ೧೮೭೦ರಲ್ಲಿ ನಿಂತುಹೋಯಿತು. ಅದು ಪುನರಾರಂಭಗೊಂಡದ್ದು ೧೯೪೨ರಲ್ಲಿ. ೧೮೭೭ರಲ್ಲಿ ಅವರ ಅಮೂಲ್ಯ ವಾದ್ಯಸಂಗ್ರಹ ಹರಾಜಾಯಿತು. ಬಡತನದಲ್ಲಿಯೇ ಪ್ಯಾರಿಸ್‌ನಲ್ಲಿ ನಿಧನರಾದ ಅವರ ಸಮಾಧಿ ಮೊಂಮಾರ್ತ್ರ್ ಸ್ಮಶಾನದಲ್ಲಿದೆ.

ಪರಂಪರೆ

ಸ್ಯಾಕ್ಸ್ ಅವರ ಜೀವಿತಕಾಲದಲ್ಲಿ ಸ್ಯಾಕ್ಸೋಫೋನ್ ಮುಖ್ಯವಾಗಿ ಸೇನಾ ವಾದ್ಯವೃಂದಗಳಿಗೆ ಸೀಮಿತವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಜಾಝ್ ಸಂಗೀತದ ಮೂಲಕ ಅದು ವಿಶ್ವವ್ಯಾಪಿಯಾಯಿತು. ಕರ್ನಾಟಕದಲ್ಲಿ ಕದ್ರಿ ಗೋಪಾಲನಾಥ್ (೧೯೪೯–೨೦೧೯) ಅವರು ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಈ ವಾದ್ಯವನ್ನು ಕೇಳಿ ಆಕರ್ಷಿತರಾಗಿ, ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದರು. ಯೂರೋ ಬಳಕೆಗೆ ಬರುವ ಮೊದಲು ಬೆಲ್ಜಿಯಂನ ೨೦೦ ಫ್ರಾಂಕ್ ನೋಟಿನಲ್ಲಿ ಸ್ಯಾಕ್ಸ್ ಅವರ ಭಾವಚಿತ್ರವಿತ್ತು.