ಮೂಗಿಗೆ ಮೇಣ ಹಾಕಿಸಿಕೊಂಡ ಸುಂದರಿ: ಸಿಲಿಕೋನ್ ಇಂಪ್ಲಾಂಟ್ ವರ್ಷಗಳ ಬಳಿಕ ತೊಂದರೆ ಕೊಡುತ್ತದೆಯೇ?

ಸಿಲಿಕೋನ್ ಜಡವಸ್ತು, ಒಮ್ಮೆ ದೇಹದೊಳಗೆ ಇಟ್ಟರೆ ಸಾಯುವವರೆಗೂ ಚಿಂತೆಯಿಲ್ಲ ಎಂಬ ಫಾರ್ವರ್ಡ್ ಮಂಗಳೂರಿನ ನಮ್ಮ ಗುಂಪುಗಳಿಗೂ ಬಂದಿದೆ. ಹಾಕಿಸಿಕೊಂಡವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂಬ ಇನ್ನೊಂದೂ ಓಡಾಡುತ್ತಿದೆ. ಎರಡೂ ತಪ್ಪು. ಏಕೆಂದು ತಿಳಿಯಲು, ಸಿಲಿಕೋನ್‌ಗೂ ಮುಂಚೆ ಬಾಳಿದ ಗ್ಲಾಡಿಸ್ ಡೀಕನ್ ಕಥೆಯನ್ನು ನೋಡೋಣ.

ಗ್ಲಾಡಿಸ್ ಹುಟ್ಟಿದ್ದು 1881ರಲ್ಲಿ ಪ್ಯಾರಿಸ್‌ನಲ್ಲಿ, ಅಮೆರಿಕನ್ ದಂಪತಿಗೆ. ಆಕೆಗೆ 11 ವರ್ಷವಾಗಿದ್ದಾಗ ತಂದೆ ತಾಯಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ. ಹುಡುಗಿ ಬೆಳೆದು ಯುರೋಪಿನ ಹೆಸರಾಂತ ಸುಂದರಿಯಾದಳು. ಆದರೂ ಮೂಗಿನ ಮೇಲಿನ ಸಣ್ಣ ತಗ್ಗು ಆಕೆಯನ್ನು ಕಾಡುತ್ತಿತ್ತು. ಗ್ರೀಕ್ ಶಿಲ್ಪಗಳಂತೆ ನೇರ ಮೂಗು ಬೇಕೆಂದು, 22ರ ಹೊತ್ತಿಗೆ ಅಲ್ಲಿಗೆ ಪ್ಯಾರಾಫಿನ್ ಮೇಣ ಚುಚ್ಚಿಸಿಕೊಂಡಳು. ಆಗ ಅದೇ ಹೊಸ ಫ್ಯಾಷನ್; ಮೇಣವೂ ಜಡವಸ್ತು, ಅಪಾಯವಿಲ್ಲ ಎಂಬ ನಂಬಿಕೆ.

ಮೇಣ ನಿಂತಲ್ಲಿ ನಿಲ್ಲಲಿಲ್ಲ. ಕ್ರಮೇಣ ಚರ್ಮದಡಿ ಜಾರಿ ಗಲ್ಲದತ್ತ ಇಳಿದು ಗಂಟುಗಟ್ಟಿತು. 1921ರಲ್ಲಿ ಆಕೆ ವಿನ್‌ಸ್ಟನ್ ಚರ್ಚಿಲ್‌ರ ದಾಯಾದಿ, ಮಾರ್ಲ್‌ಬರೋದ 9ನೇ ಡ್ಯೂಕ್‌ನನ್ನು ಮದುವೆಯಾದಳು. ಬ್ಲೆನಿಮ್ ಅರಮನೆಯ ಮುಖಮಂಟಪದ ಚಾವಣಿಯಲ್ಲಿ ಆಕೆಯ ನೀಲಿ ಕಣ್ಣುಗಳ ಚಿತ್ರ ಇಂದಿಗೂ ಇದೆ. ಮದುವೆ ಮುರಿಯಿತು. ಕೊನೆಗೆ ಜನರ ಕಣ್ಣಿಗೆ ಬೀಳದೆ ಒಂಟಿಯಾಗಿ ಬದುಕಿದಳು. 1962ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ತೀರಿಕೊಂಡದ್ದು 1977ರಲ್ಲಿ, 96ನೇ ವಯಸ್ಸಿನಲ್ಲಿ. ಎಲ್ಲಕ್ಕೂ ಮೇಣವೇ ಕಾರಣ ಎನ್ನುವವರಿದ್ದಾರೆ. ಅದು ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ.

ಹೊರಗಿನ ವಸ್ತುವನ್ನು ಕರಗಿಸಲಾಗದಿದ್ದರೆ ದೇಹ ಅದರ ಸುತ್ತ ರಕ್ಷಣಾ ಕೋಶಗಳನ್ನೂ ಗಾಯದ ನಾರನ್ನೂ ಕಟ್ಟುತ್ತದೆ. ಈ ಕೆಲಸ ವರ್ಷಗಟ್ಟಲೆ ಸಾಗಬಹುದು.

ಆಕೆ ಆಸ್ಪತ್ರೆ ಸೇರಿದ 1962ರಲ್ಲೇ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಿಲಿಕೋನ್ ಸ್ತನ ಇಂಪ್ಲಾಂಟ್ ಹಾಕಲಾಯಿತು. ಜೆಲ್ ಚೀಲದೊಳಗಿರುವುದರಿಂದ ಮೇಣದಂತೆ ಜಾರದು. ಆದರೆ ಸುತ್ತಲಿನ ನಾರು ಬಿಗಿಯಾಗಬಹುದು. ಚೀಲ ಸೋರಿದರೆ ಗಂಟಾಗಬಹುದು, ಕಂಕುಳಿನ ದುಗ್ಧಗ್ರಂಥಿಗಳಿಗೂ ತಲುಪಬಹುದು. ಮುಖ್ಯವಾಗಿ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಬರಬಹುದು. ಅಪರೂಪ, ಆದರೆ ನಿಜ. ಇದೇ ಕಾರಣಕ್ಕೆ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಅಂಥ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಇಂಪ್ಲಾಂಟ್ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲೂ ಇರಬಹುದು. ತೊಂದರೆ ಇಲ್ಲದಿದ್ದರೆ ಹೆದರಿ ತೆಗೆಸಬೇಕಿಲ್ಲ. ಎಷ್ಟೇ ವರ್ಷಗಳ ನಂತರವಾದರೂ ಒಂದು ಕಡೆ ಊತ, ಗಂಟು, ನೋವು ಕಂಡರೆ ಮಾತ್ರ ವೈದ್ಯರಿಗೆ ತೋರಿಸಿ. ಯಾವ ಕಂಪನಿಯ ಇಂಪ್ಲಾಂಟ್ ಎಂದು ಬರೆದ ಕಾರ್ಡ್ ಇದ್ದರೆ ಅದನ್ನೂ ಒಯ್ಯಿರಿ.